ಮೊದಲು ಪಟ್ಟಿ ಕೊಡಿ: ಹಳೆಯ ಧ್ವನಿಗಳ ಬಗ್ಗೆ ಪ್ರಸಾರ ಭಾರತಿಗೆ ಒಂದು ಬಹಿರಂಗ ಪತ್ರ

ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿಯ ಆಡಳಿತ ಮಂಡಳಿಯ ಹಿರಿಯರಿಗೆ, ಕರ್ನಾಟಕದ ಆಕಾಶವಾಣಿ ನಿಲಯಗಳಲ್ಲಿ ಕೆಲಸ ಮಾಡುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಇಪ್ಪತ್ತಮೂರು ವರ್ಷವಾಯಿತು. ಪಿಎಚ್‌.ಡಿ. ಮಾಡಿದ್ದು ಹಳ್ಳಿಯ ರೇಡಿಯೋ ಕೇಳುಗರ ಬಗ್ಗೆ. ಅದು ಮುಗಿದ ಮೇಲೂ ಊರೂರು ತಿರುಗಿ ಕೇಳುಗರನ್ನು ಮಾತಾಡಿಸುವ ಅಭ್ಯಾಸ ನಿಲ್ಲಲಿಲ್ಲ. ಈಚೆಗೆ ವಿದ್ಯಾರ್ಥಿಗಳ ಜೊತೆ ಸೇರಿ ಆ ಕೇಳುಗರ ಬಗ್ಗೆಯೇ ನಲವತ್ತು ನಿಮಿಷದ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿದೆ. ಈ ಪತ್ರ ಹುಟ್ಟಿದ್ದು ಆ ಚಿತ್ರೀಕರಣದಲ್ಲಿ.

ಕೇಳುವುದು ಒಂದೇ. ನಿಮ್ಮ ನಿಲಯಗಳ ಕಪಾಟುಗಳಲ್ಲಿ, ಹಾರ್ಡ್ ಡಿಸ್ಕುಗಳಲ್ಲಿ ಉಳಿದಿರುವ ಕನ್ನಡ ಧ್ವನಿಮುದ್ರಣಗಳ ಪಟ್ಟಿಯನ್ನು ಜನರ ಮುಂದೆ ಇಡಿ. ಧ್ವನಿ ಆಮೇಲೆ ಕೊಡಿ. ಮೊದಲು ಪಟ್ಟಿ.

ಮೂರು ವರ್ಷದ ಹಿಂದೆ ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನಾನು, ನಾಲ್ಕು ಜನ ವಿದ್ಯಾರ್ಥಿಗಳು, ಒಂದು ಕ್ಯಾಮೆರಾ, ಎರಡು ಮೈಕು. ಜಗಲಿ ಮೇಲೆ ಕೂತಿದ್ದ ಅಜ್ಜ ಒಬ್ಬರಿಗೆ ಎಂಬತ್ತು ದಾಟಿತ್ತು. ರೇಡಿಯೋ ಅಂದ ತಕ್ಷಣ "ತಡೀರಿ" ಅಂತ ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ್ದರು. ಒಳಗೆ ನೀಲಿ ಶಾಯಿ, ಕೆಲವು ಕಡೆ ಪೆನ್ಸಿಲ್ಲು. ಪ್ರತಿ ಪುಟದ ಮೇಲೂ ತಾರೀಕು. ಅದರ ಕೆಳಗೆ "ಕೃಷಿರಂಗ" ಎಂದು ರೇಡಿಯೋದ ರೈತರ ಕಾರ್ಯಕ್ರಮದ ಹೆಸರು ಬರೆದು ಗೆರೆ ಎಳೆದಿದ್ದರು. ಆಮೇಲೆ ಅವತ್ತು ಯಾರು ಮಾತಾಡಿದರು, ಏನು ಹೇಳಿದರು.

ಒಂದು ಪುಟದಲ್ಲಿ ಇಂಡಾಫ್ ರಾಗಿ ವಿಷಯ ಇತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಹುಟ್ಟುಹಾಕಿದ ತಳಿ ಅದು. ಪೈರು ಎಷ್ಟು ದಿನಕ್ಕೆ ಕೀಳಬೇಕು, ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಗೊಬ್ಬರ ಯಾವಾಗ. ನಾಲ್ಕನೇ ಸಾಲು ಅರ್ಧಕ್ಕೇ ನಿಂತಿತ್ತು. ಆ ಪುಟ ಮಾತ್ರ ಅಲ್ಲ, ಜಾಸ್ತಿ ಪುಟಗಳು ಹಾಗೇ ಅರ್ಧಕ್ಕೆ ನಿಂತಿದ್ದವು. ಯಾಕೆ ಅಂತ ಕೇಳಿದೆ.

"ನಾನು ಬರೆಯೋದ್ರೊಳಗೆ ಅವರು ಮುಂದಕ್ಕೆ ಹೋಗ್ಬಿಡೋರು ಕಣವ್ವ. ಉಳಿದಿದ್ದು ರೇಡಿಯೋದವರ ಹತ್ರ ಇರ್ತದಲ್ಲ."

ಕ್ಯಾಮೆರಾ ಹಿಡಿದಿದ್ದ ಹುಡುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಆ ಅಜ್ಜ ಐವತ್ತು ವರ್ಷ ಆ ನೋಟ್‌ಬುಕ್ ಇಟ್ಟುಕೊಂಡಿದ್ದು ಆ ನಂಬಿಕೆಯ ಮೇಲೆ. ಅರ್ಧ ತನ್ನ ಟ್ರಂಕಿನಲ್ಲಿದೆ, ಇನ್ನರ್ಧ ನಿಲಯದ ಕಪಾಟಿನಲ್ಲಿದೆ ಅಂತ.

ನಿಮಗೂ ಗೊತ್ತು, ನಮಗೂ ಗೊತ್ತು: ಆ ಇನ್ನರ್ಧದಲ್ಲಿ ಬಹಳಷ್ಟು ಉಳಿದಿಲ್ಲ. ಟೇಪು ದುಬಾರಿ ಇದ್ದ ಕಾಲ ಅದು. ಕಾಲಿಂಚಿನ ಟೇಪಿನ ಸುರುಳಿ ಒಂದು ಪ್ರಸಾರ ಮುಗಿದ ಮೇಲೆ ಅಳಿಸಿಕೊಂಡು ಮತ್ತೊಂದು ಕಾರ್ಯಕ್ರಮಕ್ಕೆ ಹೋಗುತ್ತಿತ್ತು. ದೊಡ್ಡ ಸಾಹಿತಿ, ದೊಡ್ಡ ಗಾಯಕರ ಧ್ವನಿಯಾದರೆ "ಇದನ್ನು ಇಡಿ" ಎಂದು ಯಾರಾದರೂ ಬರೆದಿಡುತ್ತಿದ್ದರು. ರಾಗಿ ಪೈರಿನ ಮಾತನ್ನು ಯಾರು ಎತ್ತಿಡುತ್ತಾರೆ? ನಾನು ಇದನ್ನು ತಪ್ಪು ಎಂದು ಬೊಟ್ಟು ಮಾಡಿ ತೋರಿಸುತ್ತಿಲ್ಲ. ಲಂಡನ್ನಿನ ಬಿಬಿಸಿಯೇ 60, 70ರ ದಶಕಗಳಲ್ಲಿ ತನ್ನ ಎಷ್ಟೋ ಕಾರ್ಯಕ್ರಮಗಳ ಟೇಪನ್ನು ಹೀಗೆ ಅಳಿಸಿಬಿಟ್ಟಿತು.

ಅಳಿಸಿದವರ ಪೈಕಿ ನಾನೂ ಒಬ್ಬಳು. ಕೆಲಸಕ್ಕೆ ಸೇರಿದ ಹೊಸದು. ರೇಡಿಯೋ ವಿಷಯದ ಅಸೈನ್‌ಮೆಂಟಿಗೆ ಮಕ್ಕಳು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಒಬ್ಬ ಹುಡುಗ ತನ್ನ ಅಜ್ಜಿ ಹೇಳಿದ ಸೋಬಾನೆ ಪದ ತಂದಿದ್ದ. ಚೆನ್ನಾಗಿತ್ತು, ಒಳ್ಳೆ ಅಂಕ ಕೊಟ್ಟೆ. ಮುಂದಿನ ವರ್ಷ ಹೊಸ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಅದೇ ಕ್ಯಾಸೆಟ್ಟುಗಳನ್ನು ಮುಂದಿನ ತರಗತಿಗೆ ಹಂಚಿದೆ. ನಾಲ್ಕು ವರ್ಷದ ಮೇಲೆ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. "ಮೇಡಂ, ಅಜ್ಜಿ ಹೋಗಿಬಿಟ್ಟರು. ಆ ಕ್ಯಾಸೆಟ್ ಇದ್ಯಾ?" ಅಂದ. ಬೀರು ತೆಗೆದು ಹುಡುಕಿದೆ. ಆ ಕ್ಯಾಸೆಟ್ ಸಿಕ್ಕಿತು. ಹಾಕಿದರೆ ಯಾರೋ ಕಾಲೇಜು ಕ್ರೀಡಾಕೂಟದ ಸುದ್ದಿ ಓದುತ್ತಿದ್ದರು. ಅವನು "ಪರವಾಗಿಲ್ಲ ಮೇಡಂ" ಅಂತ ಹೇಳಿ ಹೋದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆವತ್ತಿನಿಂದ ನನ್ನ ಮಕ್ಕಳು ರೆಕಾರ್ಡ್ ಮಾಡಿದ್ದನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೇನೆ. ತಾರೀಕು, ಊರು, ಯಾರ ಧ್ವನಿ, ಎಷ್ಟು ನಿಮಿಷ. ರಿಜಿಸ್ಟರಿನಲ್ಲಿ ಹೆಸರು ಬಿದ್ದ ಮೇಲೆ ಅಳಿಸಲು ಕೈ ಬರುವುದಿಲ್ಲ. ಪಟ್ಟಿ ಪಟ್ಟಿ ಅಂತ ನಾನು ಇಷ್ಟು ಹಟ ಹಿಡಿದಿರುವುದು ಈ ಕಾರಣಕ್ಕೆ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮೈಸೂರು ಆಕಾಶವಾಣಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. 1935ರ ಆ ದಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಈಗಿನ ನಿಲಯದಿಂದ ಅದು ಸುಮಾರು ಇನ್ನೂರು ಗಜ ದೂರ. ಮಕ್ಕಳು ಹೆಜ್ಜೆ ಎಣಿಸಿಕೊಂಡು ನಡೆಯುತ್ತಾರೆ. ಆಕಾಶವಾಣಿ ಎಂಬ ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ಎಲ್ಲರೂ ಹೇಳುವ ಮಾತು. ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಿಂದ ನಡೆಸಿದ ಆ ನಿಲಯವನ್ನು ಮುಂದೆ 1942ರಲ್ಲಿ ಮೈಸೂರು ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ಬಂದಿದ್ದು 1974ರಲ್ಲಿ.

ಮನಃಶಾಸ್ತ್ರದವರಿಗೆ ರೇಡಿಯೋ ಯಾಕೆ ಬೇಕಿತ್ತು ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅಲ್ವಾ? ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಓದಿ ಬಂದವರು. ನಾಲ್ಕು ಗೋಡೆಯ ನಡುವೆ ಮೂವತ್ತು ಜನಕ್ಕೆ ಹೇಳಿದ್ದನ್ನು ಓದು ಬಾರದವರಿಗೂ ಮುಟ್ಟಿಸಬಹುದು ಎಂಬುದು ಅವರಿಗೆ ಕಂಡಿತು ಎಂದು ನಾನು ಹೇಳುತ್ತೇನೆ. ಅದು ನನ್ನ ಊಹೆ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: "ಮೇಡಂ, ಆಗಿನ ಧ್ವನಿ ಏನಾದ್ರೂ ಕೇಳಬಹುದಾ?" ಟೇಪ್ ರೆಕಾರ್ಡರ್ ಇನ್ನೂ ನಮ್ಮ ಕಡೆ ಬಂದಿರದ ಕಾಲ ಅದು, ಮಾತು ನೇರವಾಗಿ ಗಾಳಿಗೆ ಹೋಗುತ್ತಿತ್ತು ಎಂದು ವಿವರಿಸುತ್ತೇನೆ. ಸರಿ, 1935ರದ್ದು ಬಿಡೋಣ. 1955ರ ನಂತರದ್ದು? 74ರ ನಂತರದ್ದು? ಅಲ್ಲಿ ನನ್ನ ಪಾಠ ನಿಲ್ಲುತ್ತದೆ. ಮಕ್ಕಳ ಕೈಗೆ ಕೊಟ್ಟು "ಇದರಲ್ಲಿ ಹುಡುಕಿ" ಅನ್ನಲು ನನ್ನ ಹತ್ತಿರ ಒಂದು ಪಟ್ಟಿ ಇಲ್ಲ.

2023ರಲ್ಲಿ ನೀವು ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಬಿಟ್ಟು ಎಲ್ಲ ಕಡೆ ಆಕಾಶವಾಣಿ ಎಂದೇ ಹೇಳಬೇಕು ಎಂದು ತೀರ್ಮಾನಿಸಿದಿರಿ. ನಮ್ಮ ಕಡೆ ಅದಕ್ಕೆ ಖುಷಿಪಟ್ಟವರು ತುಂಬ ಜನ. ನಾನೂ ಪಟ್ಟೆ. ಹೆಸರು ನಮ್ಮ ಮೇಷ್ಟ್ರ ಮನೆಯದು. ಆ ಹೆಸರಿನಲ್ಲಿ ಇಷ್ಟು ವರ್ಷ ಆಡಿದ ಮಾತು ಎಲ್ಲಿದೆ ಎಂದು ಕೇಳುವ ಸಲಿಗೆಯೂ ನಮಗಿದೆ ಎಂದುಕೊಂಡಿದ್ದೇನೆ.

ಕೆಲಸವೇ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಸಂಗೀತಗಾರರ ಧ್ವನಿಮುದ್ರಣಗಳನ್ನು ನೀವು ಸಿ.ಡಿ.ಗಳಾಗಿ ಹೊರತಂದಿದ್ದೀರಿ. ಯೂಟ್ಯೂಬಿನಲ್ಲಿ ಪ್ರಸಾರ ಭಾರತಿಯ ಸಂಗ್ರಹದ ಚಾನೆಲ್ ಇದೆ. 2024ರ ನವೆಂಬರಿನಲ್ಲಿ 'ವೇವ್ಸ್' ಆ್ಯಪ್ ಬಂತು. ನಾನು ಇವನ್ನೆಲ್ಲ ತರಗತಿಯಲ್ಲಿ ಬಳಸುತ್ತೇನೆ. ಆದರೆ ಇವೆಲ್ಲ ನೀವು ಆರಿಸಿ ಕೊಟ್ಟಿದ್ದು. ನೀವು ಆರಿಸದೇ ಬಿಟ್ಟಿದ್ದರಲ್ಲಿ ಏನಿದೆ ಎಂದು ನಮಗೆ ತಿಳಿಯುವ ದಾರಿ ಇಲ್ಲ. ಸಂಶೋಧನೆ ಮಾಡುವವರಿಗೆ ಬೇಕಾಗುವುದು ಆ ಬಿಟ್ಟಿದ್ದೇ.

ಬೇಂದ್ರೆಯವರು ಧಾರವಾಡ ನಿಲಯದಲ್ಲಿ ವರ್ಷಗಟ್ಟಲೆ ಸಾಹಿತ್ಯ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಅಲ್ಲೇ ಸಂಗೀತ ಸಲಹೆಗಾರರಾಗಿದ್ದರು. ಅವರ ಹೆಸರಿಗೆ ಇರುವ ತೂಕದಿಂದ ಅವರ ಧ್ವನಿ ಹೇಗೋ ಉಳಿಯುತ್ತದೆ. ಬೆಂಗಳೂರು ನಿಲಯದ ಎ.ಎಸ್. ಮೂರ್ತಿ ಎಂದರೆ ಜನಕ್ಕೆ ಆಕಾಶವಾಣಿ ಈರಣ್ಣ. ಮಾತಾಡಿದ ಪಾತ್ರದ ಹೆಸರೇ ಅವರ ಹೆಸರಾಗಿ ನಿಂತಿತು. ಅವರನ್ನೂ ಯಾರಾದರೂ ಕಾಪಾಡಿಯಾರು. ಯುವಜನರ ಕಾರ್ಯಕ್ರಮ ಯುವವಾಣಿಯಲ್ಲಿ ಮೊದಲ ಕತೆ ಓದಿ ನಡುಗಿದ ಹುಡುಗಿ? ಮಂಗಳೂರು ನಿಲಯದಲ್ಲಿ ಪಾಡ್ದನ ಎಂಬ ತುಳು ಕಥನಗೀತೆ ಹೇಳಿ ಹೋದ ಅಜ್ಜಿ? ಮಡಿಕೇರಿಯಲ್ಲಿ ಕೊಡವ ಭಾಷೆಯಲ್ಲಿ ಮಾತಾಡಿದವರು? ಕೊಂಕಣಿಯಲ್ಲಿ? ಇವುಗಳಲ್ಲಿ ಎಷ್ಟೋ ಮಾತು ಅಚ್ಚಾಗಲೇ ಇಲ್ಲ. ಎಲ್ಲಾದರೂ ಉಳಿದಿದ್ದರೆ ನಿಮ್ಮ ಡಬ್ಬಗಳಲ್ಲೇ ಉಳಿದಿರಬೇಕು.

ದೂರದರ್ಶನದ ಒಂದು ಉದಾಹರಣೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದರು. 'ಸೈಟ್' (SITE) ಎಂದು ಹೆಸರಾದ ಪ್ರಯೋಗ ಅದು. ನಮ್ಮಲ್ಲಿ ರಾಯಚೂರು, ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿನಲ್ಲಿ ದೂರದರ್ಶನ ಇಲ್ಲದ ಕಾಲಕ್ಕೆ ಆ ಹಳ್ಳಿಯವರು ಕನ್ನಡದಲ್ಲಿ ಟಿ.ವಿ. ನೋಡಿದ್ದಾರೆ! ಆ ಹಳ್ಳಿಗಳಲ್ಲಿ ಸಂಶೋಧಕರು ಉಳಿದು ಬರೆದ ವರದಿಗಳನ್ನು ನನ್ನ ವಿದ್ಯಾರ್ಥಿಗಳು ಓದುತ್ತಾರೆ. ಆ ಹಳ್ಳಿಯವರು ಕೂತು ನೋಡಿದ ಕಾರ್ಯಕ್ರಮ ಯಾವುದು, ಅದನ್ನು ತೋರಿಸಿ ಅಂದರೆ ಮಾತ್ರ ನಾನು ಸುಮ್ನಾಗುತ್ತೇನೆ.

ಪಟ್ಟಿ ಕೊಡಲು ನಿಮಗೆ ಅಡ್ಡಿ ಏನಿರಬಹುದು ಎಂದು ನಾನೂ ಯೋಚಿಸಿದ್ದೇನೆ. ಮೊದಲನೆಯದು ಕಾಪಿರೈಟ್. ಧ್ವನಿಯನ್ನು ಹಂಚಬೇಕಾದರೆ ಅದು ನಿಜವಾದ ತೊಡಕು. ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಡಿದವರ ಹಕ್ಕು ಬೇರೆ ಇದೆ. ಒಂದು ರೇಡಿಯೋ ನಾಟಕ ಎಂದರೆ ಹತ್ತು ಜನರ ಒಪ್ಪಿಗೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಲಾವಿದರ ಹಕ್ಕನ್ನು ಬಿಟ್ಟುಕೊಡಿ ಎಂದು ಕೇಳುವವಳೂ ಅಲ್ಲ. ಆದರೆ "1968, ರೇಡಿಯೋ ನಾಟಕ, 30 ನಿಮಿಷ, ಬರೆದವರು ಇವರು" ಎಂಬ ಒಂದು ಸಾಲಿಗೆ ಯಾರ ಕಾಪಿರೈಟೂ ಅಡ್ಡ ಬರುವುದಿಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಹೆಸರು ಬರೆದಿಟ್ಟ ಹಾಗೆ ಅದು.

ಹಾಗೆ ನೋಡಿದರೆ ಕಾನೂನು ಪಟ್ಟಿಯ ಕಡೆಗೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಸಾರ್ವಜನಿಕ ಸಂಸ್ಥೆಗಳು ತಮ್ಮ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಟ್ಟುಕೊಳ್ಳಬೇಕು ಎನ್ನುತ್ತದೆ. ಕಂಪ್ಯೂಟರಿಗೆ ಹಾಕಿ ದೇಶದ ಎಲ್ಲ ಕಡೆ ಸಿಗುವ ಹಾಗೆ ಮಾಡಬೇಕು ಎಂದೂ ಹೇಳುತ್ತದೆ. ಅದಕ್ಕೂ ಹತ್ತು ವರ್ಷ ಮೊದಲು, 1995ರಲ್ಲಿ, ರೇಡಿಯೋ ಟಿ.ವಿ. ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅಲೆ ನಮ್ಮದಾದರೆ ಅದರ ಮೇಲೆ ಹೋದ ಮಾತಿನ ಲೆಕ್ಕವೂ ನಮಗೆ ಸಿಗಬೇಕಲ್ಲವೇ?

ಎರಡನೆಯ ಅಡ್ಡಿ ಜನ. ನಿಲಯಗಳಲ್ಲಿ ಕಾಯಂ ಸಿಬ್ಬಂದಿ ಕಡಿಮೆಯಾಗುತ್ತಿದ್ದಾರೆ. ದಿನದ ಪ್ರಸಾರ ನಡೆಸುವುದೇ ಕಷ್ಟ, ಇದನ್ನೆಲ್ಲ ಯಾರು ಮಾಡುತ್ತಾರೆ ಎಂದು ನೀವು ಕೇಳಿದರೆ ಅದು ನ್ಯಾಯ. ನನ್ನ ಆತಂಕವೂ ಅಲ್ಲೇ ಇದೆ. ಒಮ್ಮೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಉದ್ಘೋಷಕರು ನನಗೆ ಒಂದು ಟೇಪಿನ ಡಬ್ಬ ತೋರಿಸಿದರು. ಮುಚ್ಚಳ ತೆಗೆದರೆ ಹುಳಿಹುಳಿ ವಾಸನೆ. ಹಳೆಯ ಅಸಿಟೇಟ್ ಟೇಪು ಹಾಳಾಗಲು ಶುರುವಾದಾಗ ಬರುವ ವಾಸನೆ ಅದು, ವಿನೆಗರಿನ ಹಾಗೆ. ಅಂಚಿನಲ್ಲಿ ಬಿಳಿ ಬೂಷ್ಟು. ಒಳಗೆ ಕಾರ್ಯಕ್ರಮದ ವಿವರ ಬರೆದ ಹಾಳೆ, ಅಂದರೆ ಕ್ಯೂ ಶೀಟು, ಮಡಚಿಟ್ಟಿತ್ತು. ಡಬ್ಬದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ "ಯು.ವಾ. / ಎಂ.ಎಸ್. / 2 ಭಾಗ" ಎಂದಷ್ಟೇ ಇತ್ತು. ನನಗೆ ಅರ್ಥವಾಗಲಿಲ್ಲ. ಅವರು ಒಂದು ನಿಮಿಷ ಕಣ್ಣು ಮುಚ್ಚಿಕೊಂಡು, ಯು.ವಾ. ಅಂದರೆ ಯುವವಾಣಿ, ಎಂ.ಎಸ್. ಅಂದರೆ ರೆಕಾರ್ಡ್ ಮಾಡಿದ ಸಹೋದ್ಯೋಗಿಯ ಹೆಸರು, ಅವತ್ತು ಮಳೆ ಬಂದು ಕರೆಂಟ್ ಹೋಗಿ ಎರಡು ಭಾಗ ಆಯಿತು ಎಂದು ಹೇಳಿದರು. ಚೀಟಿಯಲ್ಲಿ ಇಲ್ಲದ್ದು ಅವರ ತಲೆಯಲ್ಲಿತ್ತು. ಅವರೀಗ ನಿವೃತ್ತರು. ಟೇಪನ್ನು ಇನ್ನೂ ಹತ್ತು ವರ್ಷ ಬಿಟ್ಟು ಡಿಜಿಟಲ್ ಮಾಡಬಹುದೇನೋ. ಚೀಟಿ ಓದಬಲ್ಲವರು ಹತ್ತು ವರ್ಷ ಕಾಯುವುದಿಲ್ಲ.

ಬಿಬಿಸಿಯವರು 2014ರಲ್ಲಿ ಒಂದು ಕೆಲಸ ಮಾಡಿದರು. 1923ರಿಂದ 2009ರವರೆಗೆ ತಮ್ಮ ವಾರಪತ್ರಿಕೆಯಲ್ಲಿ ಅಚ್ಚಾದ ಕಾರ್ಯಕ್ರಮಗಳ ವೇಳಾಪಟ್ಟಿಯನ್ನೆಲ್ಲ ಹುಡುಕುವ ಹಾಗೆ ಅಂತರ್ಜಾಲದಲ್ಲಿ ಹಾಕಿದರು. ಧ್ವನಿ ಹಾಕಲಿಲ್ಲ, ಬರೀ ಪಟ್ಟಿ. ಸ್ಕ್ಯಾನ್ ಮಾಡುವಾಗ ಸಾವಿರಾರು ತಪ್ಪು ನುಸುಳಿದ್ದವು. ಅದನ್ನು ಮುಚ್ಚಿಡದೆ, ತಪ್ಪು ಕಂಡರೆ ನೀವೇ ತಿದ್ದಿ ಎಂದು ಕೇಳುಗರಿಗೇ ಬಿಟ್ಟರು. ಜನ ತಿದ್ದಿದರು. ನಮ್ಮ ಕೇಳುಗರು ಅವರಿಗಿಂತ ಕಡಿಮೆಯೇ? ಮಳವಳ್ಳಿಯ ಅಜ್ಜನ ನೋಟ್‌ಬುಕ್ ಒಂದರಲ್ಲೇ ನಿಮ್ಮ ನೂರಾರು ಕಾರ್ಯಕ್ರಮಗಳ ತಾರೀಕು ಇದೆ. ಪಟ್ಟಿ ಹೊರಗೆ ಬಂದರೆ ಎಷ್ಟು ಮನೆಗಳ ಟ್ರಂಕು ತೆರೆದುಕೊಳ್ಳುತ್ತದೆ ನೋಡಿ. ಮನೆಯಲ್ಲಿ ರೇಡಿಯೋ, ಟೇಪ್ ಎರಡೂ ಇದ್ದ ಟೂ-ಇನ್-ಒನ್‌ನಿಂದ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳು ಎಷ್ಟಿವೆಯೋ! ನಿಮ್ಮಲ್ಲಿ ಅಳಿಸಿಹೋದ ಧ್ವನಿ ಯಾರದೋ ಅಟ್ಟದ ಮೇಲೆ ಉಳಿದಿರಬಹುದು. ಏನು ಕಳೆದಿದೆ ಎಂದು ಗೊತ್ತಾದರೆ ತಾನೇ ಅವರು ತಂದುಕೊಡುವುದು?

ಕೆಲಸಕ್ಕೆ ಜನ ಬೇಕು ಎಂಬುದಕ್ಕೆ ನನ್ನ ಹತ್ತಿರ ಒಂದು ಸಲಹೆ ಇದೆ. ನಿಮ್ಮ ಹಳೆಯ ನಿಲಯಗಳಿರುವ ಊರಿನಲ್ಲೇ, ಅಥವಾ ಪಕ್ಕದಲ್ಲೇ, ಪತ್ರಿಕೋದ್ಯಮ ಕಲಿಸುವ ವಿಶ್ವವಿದ್ಯಾಲಯಗಳಿವೆ. ಮೈಸೂರು ನಿಲಯಕ್ಕೆ ಮಾನಸಗಂಗೋತ್ರಿ. ಧಾರವಾಡಕ್ಕೆ ಕರ್ನಾಟಕ ವಿಶ್ವವಿದ್ಯಾಲಯ. ಮಂಗಳೂರಿಗೆ ಕೊಣಾಜೆ. ಕಲಬುರಗಿಗೆ ಅಲ್ಲಿಯದೇ ವಿಶ್ವವಿದ್ಯಾಲಯ. ಭದ್ರಾವತಿಗೆ ಹತ್ತಿರದಲ್ಲೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಬೆಂಗಳೂರಿನ ಮಾತು ಹೇಳುವುದೇ ಬೇಡ. ಪ್ರತಿ ಸೆಮಿಸ್ಟರಿನಲ್ಲೂ ನಮ್ಮ ಮಕ್ಕಳು ಇಂಟರ್ನ್‌ಶಿಪ್‌ಗೆ ಜಾಗ ಹುಡುಕಿಕೊಂಡು ಅಲೆಯುತ್ತಾರೆ. ಒಂದು ನಿಲಯಕ್ಕೆ ಇಬ್ಬರು ಸಾಕು. ಟೇಪು ಮುಟ್ಟುವುದು ಬೇಡ, ಹಾಕಿ ಕೇಳುವುದೂ ಬೇಡ. ಡಬ್ಬದ ಮೇಲಿನ ಚೀಟಿ, ಒಳಗಿನ ಕ್ಯೂ ಶೀಟು, ಹಳೆಯ ಲಾಗ್ ಪುಸ್ತಕ ನೋಡಿ ಕನ್ನಡದಲ್ಲಿ ಟೈಪ್ ಮಾಡಲಿ. ತಾರೀಕು, ಕಾರ್ಯಕ್ರಮದ ಹೆಸರು, ಮಾತಾಡಿದವರು, ಭಾಷೆ, ನಿಮಿಷ, ಡಬ್ಬದ ನಂಬರು. ಆರು ಕಾಲಂ. ಪಕ್ಕದಲ್ಲಿ ನಿವೃತ್ತರಾದ ಒಬ್ಬ ಹಿರಿಯರನ್ನು ವಾರಕ್ಕೊಂದು ದಿನ ಕೂರಿಸಿ. ಅವರಿಗೆ ಗೌರವಧನ ಕೊಡಿ. ಇದರಲ್ಲಿ ಖರ್ಚು ಅಂತ ಬರುವುದು ಅದೊಂದೇ, ಅದನ್ನು ಮಾತ್ರ ಜಿಪುಣತನ ಮಾಡದೆ ಕೊಡಿ.

ಪತ್ರಿಕೋದ್ಯಮ ಕಲಿಸುವ ಗೆಳೆಯರಿಗೂ ಒಂದು ಮಾತು. ನಾವು ವರ್ಷವೆಲ್ಲ ಸಾರ್ವಜನಿಕ ಪ್ರಸಾರ ಎಂದರೆ ಏನು ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ನವೆಂಬರ್ 12 ಬಂದರೆ ಗಾಂಧೀಜಿ 1947ರಲ್ಲಿ ದೆಹಲಿಯ ಆಕಾಶವಾಣಿಗೆ ಹೋಗಿ ನಿರಾಶ್ರಿತರಿಗಾಗಿ ಮಾತಾಡಿದ್ದನ್ನು ನೆನೆಸಿ ಕಾರ್ಯಕ್ರಮ ಮಾಡುತ್ತೇವೆ. ಅಮೆರಿಕದಲ್ಲಿ 2025ರಲ್ಲಿ ಸಾರ್ವಜನಿಕ ಪ್ರಸಾರಕ್ಕೆ ಕೊಡುವ ಹಣವನ್ನು ಅಲ್ಲಿನ ಸಂಸತ್ತು ವಾಪಸು ಪಡೆದದ್ದರ ಮೇಲೆ ಸೆಮಿನಾರ್ ಮಾಡುತ್ತೇವೆ. ಎಲ್ಲ ಸರಿ. ನಮ್ಮ ಕಾಲೇಜಿನಿಂದ ನಾಲ್ಕು ಕಿಲೋಮೀಟರ್ ದೂರದ ಕಪಾಟಿನಲ್ಲಿ ಏನಿದೆ ಎಂದು ನೋಡಲು ಮಾತ್ರ ನಾವೂ ಹೋಗಿಲ್ಲ. ನಾನು ಹೋಗಿ ಕೇಳಲು ಶುರು ಮಾಡಿದ್ದೇ ತಡವಾಗಿ. ನಿಮ್ಮ ಊರಿನ ನಿಲಯಕ್ಕೆ ನೀವೂ ಒಂದು ಪತ್ರ ಬರೆಯಿರಿ.

ಸಾಕ್ಷ್ಯಚಿತ್ರ ಮುಗಿದ ಮೇಲೆ ಅದನ್ನು ತೋರಿಸಲು ಮತ್ತೆ ಮಳವಳ್ಳಿ ಕಡೆಗೆ ಹೋಗಿದ್ದೆವು. ಲ್ಯಾಪ್‌ಟಾಪ್ ಜಗಲಿಯ ಮೇಲಿಟ್ಟು ತೋರಿಸಿದೆವು. ಅಜ್ಜ ತಮ್ಮ ಮುಖ ನೋಡಿ ನಕ್ಕರು. ಮುಗಿದ ಮೇಲೆ ನೋಟ್‌ಬುಕ್ ತಂದು, ಇಂಡಾಫ್ ರಾಗಿಯ ಪುಟ ತೆಗೆದು, ಅರ್ಧಕ್ಕೆ ನಿಂತ ಸಾಲಿನ ಮೇಲೆ ಬೆರಳಿಟ್ಟು, "ಸಿಕ್ತಾ?" ಅಂತ ಕೇಳಿದರು. ಹುಡುಕುತ್ತಿದ್ದೇವೆ ಅಂತ ಹೇಳಿ ಬಂದಿದ್ದೇನೆ.

ಮುಂದಿನ ಸೆಮಿಸ್ಟರಿಗೆ ನನ್ನ ಇಬ್ಬರು ವಿದ್ಯಾರ್ಥಿಗಳು ಒಪ್ಪಿಕೊಂಡಿದ್ದಾರೆ. ಇಬ್ಬರಿಗೂ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತದೆ. ಒಬ್ಬಳು ತುಳು ಮನೆಮಾತಿನವಳು. ಯಾವ ನಿಲಯಕ್ಕೆ, ಯಾವ ದಿನ, ಯಾರನ್ನು ಕಂಡು ಮಾತಾಡಬೇಕು ಎಂದು ತಿಳಿಸಿದರೆ ಅವರ ಜೊತೆ ನಾನೂ ಬರುತ್ತೇನೆ.

ಇಂತಿ,
ನಿಮ್ಮ ಕೇಳುಗರಲ್ಲಿ ಒಬ್ಬಳು, ಪತ್ರಿಕೋದ್ಯಮದ ಅಧ್ಯಾಪಕಿ
ಮೈಸೂರು